ಅಮ್ಮನಿಗೆ ಡಿಮೆನ್ಷಿಯಾ, ನೋಡ್ಕೊಳ್ತಿರೋದು ಅಕ್ಕ ಒಬ್ಬಳೇ. ಅಕ್ಕನಿಗೋಸ್ಕರ ನಾನೇನು ಮಾಡ್ಬಹುದು?

ಕಿರಿಮಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಮ್ಮನಿಗೆ 74 ವರ್ಷ, ಅಲ್ಜೈಮರ್ಸ್ (ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೇಲಿ ಒಂದು ಬಗೆ) ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಅಪ್ಪ ಇಲ್ಲ. ಅಕ್ಕ ಕೆಲಸ ಬಿಟ್ಟು ಅಮ್ಮನ ಜೊತೆನೇ ಇದಾಳೆ. ನಾನು ಬೇರೆ ಊರಲ್ಲಿ, ದುಡ್ಡು ಕಳಿಸ್ತೀನಿ, ದಿನಾ ಸಂಜೆ ಫೋನ್ ಮಾಡ್ತೀನಿ, ಎರಡು ತಿಂಗಳಿಗೊಮ್ಮೆ ಹೋಗಿ ಎರಡು ದಿನ ಇದ್ದು ಬರ್ತೀನಿ. ಇಷ್ಟು ಮಾಡಿದ್ರೆ ನನ್ನ ಪಾಲಿನದು ಮುಗೀತು ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ.

ಮೂರು ವಾರದ ಹಿಂದೆ ಅಮ್ಮ ಫೋನಲ್ಲಿ ಪಿಸುಪಿಸು ಅಂತ "ಇವಳು ಬೆಳಿಗ್ಗೆಯಿಂದ ನಂಗೆ ಊಟಾನೇ ಹಾಕಿಲ್ಲ ಕಣೋ, ನನ್ನ ದುಡ್ಡೆಲ್ಲಾ ಎತ್ತಿಟ್ಕೊಂಡಿದಾಳೆ" ಅಂದ್ರು. ನಾನು ಹಿಂದೆಮುಂದೆ ನೋಡ್ದೆ ಅಕ್ಕನಿಗೆ ಫೋನ್ ಕೊಡಿ ಅಂದು "ಏನಕ್ಕ ಇದು, ಅಮ್ಮ ಹಿಂಗಂತಿದಾರಲ್ಲ" ಅಂತ ಕೇಳ್ಬಿಟ್ಟೆ. ಕೇಳ್ಬಾರ್ದಿತ್ತು. ಅವಳು ಏನೂ ಹೇಳ್ಲಿಲ್ಲ, ಸುಮಾರು ಹೊತ್ತು ಉಸಿರು ಮಾತ್ರ ಕೇಳಿಸ್ತಿತ್ತು, ಆಮೇಲೆ ಫೋನ್ ಇಟ್ಬಿಟ್ಲು.

ಆ ವಾರಾನೇ ಹೋದೆ. ಅಮ್ಮ ನನ್ನ ನೋಡಿ ಎಷ್ಟು ಖುಷಿಯಾಗಿ ಮಾತಾಡಿದ್ರು ಅಂದ್ರೆ, ಅಮ್ಮ ಅಷ್ಟೇನೂ ಹದಗೆಟ್ಟಿಲ್ಲವಲ್ಲ, ಅಕ್ಕನೇ ಯಾಕೋ ಸುಮ್‌ಸುಮ್ನೆ ಸಿಡುಕ್ತಾಳೆ ಅನ್ನಿಸ್ತು. ಅವತ್ತು ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಕೆ ಎದ್ದೆ. ಅಕ್ಕ ಅಮ್ಮನ ರೂಮಿನ ಹೊರಗೆ ನೆಲದ ಮೇಲೆ ಮಲಗಿದ್ಲು. ಒಂದು ಉದ್ದದ ಬಟ್ಟೆ ಪಟ್ಟಿ, ಅದರ ಒಂದು ತುದಿ ಬಾಗಿಲ ಹಿಡಿಕೆಗೆ, ಇನ್ನೊಂದು ತುದಿ ಇವಳ ಮಣಿಕಟ್ಟಿಗೆ ಕಟ್ಕೊಂಡಿದಾಳೆ. ಅಮ್ಮ ಎದ್ದು ಬಾಗಿಲು ತೆಗೆದ್ರೆ ಎಚ್ಚರ ಆಗ್ಲಿ ಅಂತ. ಎಷ್ಟು ದಿನದಿಂದ ಹೀಗೆ ಅಂತ ಬೆಳಿಗ್ಗೆ ಕೇಳಿದ್ರೆ "ಒಂದೂವರೆ ವರ್ಷ ಆಗಿರ್ಬೇಕು" ಅಂದ್ಲು, ಅದೂ ಪಾತ್ರೆ ತೊಳೀತಾ.

ವಾಪಸ್ ಬಂದ್ಮೇಲೆ ಮನಸ್ಸು ತಡೀಲಿಲ್ಲ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಅಕ್ಕನ ಬಗ್ಗೆ ದೊಡ್ಡದಾಗಿ ಬರೆದೆ, ನಮ್ಮಕ್ಕ ಅಲ್ಲ ಇವಳು, ದೇವತೆ ಅಂತ. ಎಲ್ಲರೂ ಕೈಮುಗಿಯೋದು ಹಾರ್ಟು ಹಾಕಿದ್ರು. ಹತ್ತು ನಿಮಿಷಕ್ಕೆ ಅಕ್ಕ ಗ್ರೂಪಿಂದ ಎಕ್ಸಿಟ್ ಆದ್ಲು. ಫೋನ್ ಮಾಡಿದ್ರೆ "ಏನಿಲ್ಲ ಬಿಡು" ಅಂತಾಳೆ.

ನಂಗೆ ಅವಳನ್ನ ನೋಯಿಸೋ ಉದ್ದೇಶ ಇರ್ಲಿಲ್ಲ. ಅವಳು ಮಾಡ್ತಿರೋದನ್ನ ನಾವು ಗುರುತಿಸಿದೀವಿ ಅಂತ ಅವಳಿಗೆ ಗೊತ್ತಾಗ್ಬೇಕು ಅಷ್ಟೇ. ಎಲ್ಲಿ ತಪ್ಪಿದೆ, ಏನು ಮಾಡ್ಲಿ? ಈ ಕೆಲಸ ಮಾಡಿರೋರು, ಮಾಡ್ತಿರೋರು ದಯವಿಟ್ಟು ಹೇಳಿ.

ಹನ್ನೊಂದನೇವರ್ಷ:

ತಮ್ಮಾ ಅಂತ ಕರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಯಜಮಾನ್ರಿಗೆ ಈ ಕಾಯಿಲೆ ಶುರುವಾಗಿ ಇದು ಹನ್ನೊಂದನೇ ವರ್ಷ.

ಅಕ್ಕ ಗ್ರೂಪ್ ಬಿಟ್ಟಿದ್ದು ಯಾಕೆ ಅಂತ ನಂಗೆ ಗೊತ್ತಾಯ್ತು ಅನ್ಸುತ್ತೆ. ದೇವತೆ ಅಂದ್ಬಿಟ್ರೆ ಆಯ್ತಲ್ಲ, ದೇವತೆಗೆ ಸುಸ್ತಾಗಲ್ಲ, ಸೊಂಟ ನೋಯಲ್ಲ, ಸಿಟ್ಟು ಬರಲ್ಲ. ನಂಗೊಂದು ದಿನ ಇವರ ಮೇಲೆ ಕೈ ಎತ್ತೋ ಅಷ್ಟು ಸಿಟ್ಟು ಬಂತು, ಎತ್ತಿದ ಕೈ ಇಳಿಸಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಂಡು ಅತ್ತೆ. ಅದನ್ನ ಯಾರಿಗೆ ಹೇಳ್ಲಿ? ದೇವತೆ ಅಂದವರ ಹತ್ರ ಹೇಳೋಕಾಗುತ್ತಾ? ಅವರೆಲ್ಲ ಕೈಮುಗಿದು ಹೋಗ್ತಾರೆ, ಆಮೇಲೆ ರಾತ್ರಿ ಎರಡು ಗಂಟೆಗೆ ಇರೋದು ನಾನೇ.

ನೀವು ಹೋದಾಗ ಅಮ್ಮ ಚೆನ್ನಾಗಿದ್ರು ಅಂದ್ರಲ್ಲ, ಅದು ಎಲ್ಲರ ಮನೇಲೂ ಆಗೋದು. ಯಾರಾದ್ರೂ ಬಂದ್ರೆ, ಡಾಕ್ಟರ್ ಹತ್ರ ಹೋದ್ರೆ, ಅದೆಲ್ಲಿಂದ ಶಕ್ತಿ ಬರುತ್ತೋ, ಒಂದೆರಡು ಗಂಟೆ ಮೊದಲಿನ ಹಾಗೇ ಮಾತಾಡ್ತಾರೆ. ಬಂದವರು ಹೋದ್ಮೇಲೆ ಪೂರ್ತಿ ಕುಸಿದು ಹೋಗ್ತಾರೆ, ಆ ಸಂಜೆ ದೇವರೇ ಗತಿ. ಬಂದವರು ನೋಡೋದು ಆ ಎರಡು ಗಂಟೆ ಮಾತ್ರ. ಇನ್ನು ಊಟ ಹಾಕಿಲ್ಲ, ದುಡ್ಡು ಕದ್ಲು ಅನ್ನೋ ಮಾತು. ಇಟ್ಟ ಜಾಗ ಮರೆತುಹೋಗುತ್ತೆ, ಉಂಡಿದ್ದು ಮರೆತುಹೋಗುತ್ತೆ, ಕಣ್ಣೆದುರಿಗೆ ಇರೋದು ಒಬ್ಬರೇ, ಹಂಗಾಗಿ ಅಪವಾದ ಅವರ ಮೇಲೇ. ದೂರ ಇರೋ ಮಗ ಯಾವತ್ತೂ ಒಳ್ಳೆಯವನೇ. ಇದು ಅಮ್ಮನ ತಪ್ಪೂ ಅಲ್ಲ, ಕಾಯಿಲೆ ಆಡಿಸೋ ಮಾತು. ಆದ್ರೆ ನೀವು ಅದನ್ನ ನಂಬಿ ಕೇಳಿದ್ರಲ್ಲ, ಆ ಗಾಯ ವಾಸಿಯಾಗೋಕೆ ಟೈಮ್ ಬೇಕು. ಅಕ್ಕನ ಹತ್ರ ನೇರವಾಗಿ "ನಾನು ನಿನ್ನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು" ಅನ್ನಿ. ಬೇರೇನೂ ಸೇರಿಸ್ಬೇಡಿ.

ಗುರುತಿಸೋದು ಅಂದ್ರೆ ಏನು ಅಂತ ನಂಗನ್ಸಿದ್ದು ಹೇಳ್ತೀನಿ. ಇವರಿಗೆ ಅಂಗಿ ಹಾಕೋಕೆ ನಲವತ್ತು ನಿಮಿಷ ಬೇಕು. ಒಂದು ತೋಳು ಹಾಕಿ ಇನ್ನೊಂದು ಹಿಡ್ಕೊಳ್ಳೋಷ್ಟರಲ್ಲಿ ಮೊದಲನೇದು ತೆಗೆದಿರ್ತಾರೆ. ಅವಸರ ಮಾಡಿದ್ರೆ ಕೈ ಬಿಗಿ ಹಿಡೀತಾರೆ, ಬೈತಾರೆ. ಅದಕ್ಕೆ ನಾನು ಒಂದು ದೊಡ್ಡ ಗುಂಡಿ ಅವರ ಕೈಗೆ ಕೊಟ್ಟು "ಇದನ್ನ ಸ್ವಲ್ಪ ಹಿಡ್ಕೊಂಡಿರಿ, ಬೀಳಿಸ್ಬೇಡಿ" ಅಂತೀನಿ. ಅವರು ಅದನ್ನೇ ನೋಡ್ತಾ ಮುಷ್ಟಿ ಹಿಡ್ಕೊಂಡಿರ್ತಾರೆ, ಆ ಮುಷ್ಟಿ ಸಮೇತ ತೋಳು ತೂರಿಸ್ತೀನಿ. ಇದನ್ನ ಯಾರೂ ಹೇಳ್ಕೊಡ್ಲಿಲ್ಲ, ಮೂರು ತಿಂಗಳು ಒದ್ದಾಡಿ ಕಂಡ್ಕೊಂಡಿದ್ದು. ನಿಮ್ಮಕ್ಕನಿಗೂ ಇಂಥವು ನೂರು ಗೊತ್ತಿರುತ್ತೆ. ಅದು ಒಂದು ಕಸುಬು ತಮ್ಮಾ. ಅದನ್ನ ಅವಳ ಹತ್ರ ಕಲೀರಿ. ಹೊಗಳೋದಕ್ಕಿಂತ "ಇದನ್ನ ಹೆಂಗೆ ಮಾಡ್ತೀಯ, ನಂಗೂ ತೋರ್ಸು" ಅಂತ ಕೇಳಿ.

ಆಮೇಲೆ "ಏನಾದ್ರೂ ಬೇಕಿದ್ರೆ ಹೇಳು" ಅನ್ನೋದನ್ನ ಬಿಟ್ಬಿಡಿ. ಏನು ಬೇಕು, ಯಾರನ್ನ ಕೇಳ್ಬೇಕು, ಹೆಂಗೆ ಕೇಳ್ಬೇಕು, ಅದೂ ಅವಳ ತಲೆ ಮೇಲೇ ಬಂತಲ್ಲ. ನಮ್ಮ ನಾದಿನಿ ಒಬ್ಬಳು "ಅತ್ತಿಗೆ, ಹತ್ತನೇ ತಾರೀಖು ಬರ್ತೀನಿ, ಹದಿನಾಲ್ಕಕ್ಕೆ ಹೋಗ್ತೀನಿ, ನೀವು ಮನೇಲಿ ಇರಕೂಡದು" ಅಂದ್ಲು. ಬಂದ್ಲು ಕೂಡ. ಎರಡನೇ ದಿನ ರಾತ್ರಿ ಫೋನ್ ಮಾಡಿ ಏನೂ ಮಾತಾಡದೆ ಅತ್ಲು. ಅವತ್ತು ನಂಗೆ, ಒಬ್ಬರಿಗಾದ್ರೂ ಗೊತ್ತಾಯ್ತಲ್ಲ ಅನ್ನಿಸ್ತು. ಅವಳು ನನ್ನ ಯಾವತ್ತೂ ಹೊಗಳಿಲ್ಲ, ಈಗ್ಲೂ ವರ್ಷಕ್ಕೆ ಮೂರು ಸಲ ಬರ್ತಾಳೆ.

ಬಿಳಿಕೋಟು:

ಕಿರಿಮಗ ಅವರೇ, ನಾನು ಮರೆವಿನ ಕಾಯಿಲೆಯವರು ಬರೋ ಕ್ಲಿನಿಕ್ಕಲ್ಲಿ ನರ್ಸ್. ಮೇಲೆ ಹನ್ನೊಂದನೇವರ್ಷ ಅವರು ಬರೆದಿದ್ದಕ್ಕೆ ಸೇರಿಸೋಕೆ ಹೆಚ್ಚೇನಿಲ್ಲ, ಆದ್ರೆ ಕೆಲವು ವಿಷಯ ಗಮನ ಕೊಡಲೇಬೇಕು.

ಮೊದಲನೇದು ನಿಮ್ಮಕ್ಕನ ನಿದ್ದೆ. ಒಂದೂವರೆ ವರ್ಷ ಕೈಗೆ ಬಟ್ಟೆ ಕಟ್ಕೊಂಡು ನೆಲದ ಮೇಲೆ ಮಲಗಿರೋರನ್ನ ನಾನು ಪೇಷೆಂಟ್ ಅಂತಾನೇ ಲೆಕ್ಕ ಹಾಕ್ತೀನಿ. 1999ರಲ್ಲಿ ಅಮೆರಿಕದ ಶುಲ್ಜ್ ಮತ್ತೆ ಬೀಚ್ ಅನ್ನೋರು ಒಂದು ಅಧ್ಯಯನ ಪ್ರಕಟಿಸಿದ್ರು. ಕೈಲಾಗದ ಗಂಡನ್ನೋ ಹೆಂಡತೀನೋ ನೋಡ್ಕೊಳ್ತಾ ಅದರಿಂದ ಬಳಲಿ ಹೋಗಿದ್ದ ವಯಸ್ಸಾದವರಲ್ಲಿ, ನಾಲ್ಕು ವರ್ಷದಲ್ಲಿ ಸಾವಿನ ಪ್ರಮಾಣ, ಅಂಥ ಹೊಣೆ ಇಲ್ಲದವರಿಗಿಂತ 63% ಜಾಸ್ತಿ ಇತ್ತು. ಹೆದರಿಸೋಕೆ ಹೇಳ್ತಿಲ್ಲ. ಆರೈಕೆ ಮಾಡೋರೆಲ್ಲರಿಗೂ ಹಿಂಗಾಗಲ್ಲ, ಬಳಲಿಕೆ ಇದ್ದವರಲ್ಲೇ ಅದು ಕಂಡಿದ್ದು, ಆ ಬಳಲಿಕೆನ ಕಮ್ಮಿ ಮಾಡೋಕೆ ಆಗುತ್ತೆ ಅನ್ನೋದಕ್ಕೇ ಹೇಳ್ತಿರೋದು.

ರಾತ್ರಿ ಎದ್ದು ಓಡಾಡೋದನ್ನ ಡಾಕ್ಟರಿಗೆ ಹೇಳಿದೀರಾ? ಎಷ್ಟೋ ಮನೆಯವರು ಇದೂ ಕಾಯಿಲೇದೇ ಭಾಗ, ಏನೂ ಮಾಡೋಕಾಗಲ್ಲ ಅಂತ ಸುಮ್ನಿರ್ತಾರೆ. ನೋವು, ಮಲಬದ್ಧತೆ, ಮೂತ್ರದ ಸೋಂಕು, ಹಗಲು ಜಾಸ್ತಿ ನಿದ್ದೆ, ಯಾವುದೋ ಮಾತ್ರೆ, ಇವೆಲ್ಲ ರಾತ್ರಿ ಕೆಡಿಸ್ತವೆ. ಅದರಲ್ಲೂ ಒಂದೆರಡು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ ಜಾಸ್ತಿಯಾದ್ರೆ ಅದು ಡಿಮೆನ್ಷಿಯಾ ಮುಂದುವರೀತಿದೆ ಅಂತ ಅಂದ್ಕೋಬೇಡಿ, ಸೋಂಕು ಇರ್ಬಹುದು, ತಕ್ಷಣ ತೋರಿಸಿ. ಬಟ್ಟೆ ಪಟ್ಟಿ ಬದಲು ಬಾಗಿಲಿಗೆ ಸೆನ್ಸರ್ ಬರುತ್ತೆ, ಹಾಸಿಗೆ ಪಕ್ಕ ಹಾಕೋ ಮ್ಯಾಟ್ ಬರುತ್ತೆ, ಕಾಲಿಟ್ಟ ತಕ್ಷಣ ಪಕ್ಕದ ರೂಮಲ್ಲಿ ಗಂಟೆ ಹೊಡಿಯುತ್ತೆ. ಅಕ್ಕ ಮಂಚದ ಮೇಲೆ ಮಲಗ್ಲಿ ಮೊದಲು.

ಎರಡನೇದು, ಮುಂದಿನ ಸಲ ಅಮ್ಮನ ಚೆಕಪ್‌ಗೆ ಹೋದಾಗ ಅಕ್ಕನ ಬಗ್ಗೆನೂ ಕೇಳಿ ಅಂತ ಡಾಕ್ಟರಿಗೆ ನೀವೇ ಹೇಳಿ. ಝರಿಟ್ ಸ್ಕೇಲ್ ಅಂತ 22 ಪ್ರಶ್ನೆಗಳ ಒಂದು ಪಟ್ಟಿ ಇದೆ, ನಿಮಗೆ ನಿಮ್ಮದು ಅಂತ ಸಮಯ ಉಳಿದಿದ್ಯಾ, ಸಿಟ್ಟು ಬರುತ್ತಾ, ನಿಮ್ಮ ಆರೋಗ್ಯ ಕೆಟ್ಟಿದ್ಯಾ, ಈ ಥರ. ಎಷ್ಟೋ ಜನ ಆ ಪಟ್ಟಿ ತುಂಬ್ತಾ ತುಂಬ್ತಾ ಅಳ್ತಾರೆ, ಯಾಕಂದ್ರೆ ಅಷ್ಟು ವರ್ಷದಲ್ಲಿ ಅವರ ಬಗ್ಗೆ ಯಾರಾದ್ರೂ ಪ್ರಶ್ನೆ ಕೇಳಿದ್ದೇ ಅದು ಮೊದಲು. ನಾವೂ ತಪ್ಪು ಮಾಡ್ತೀವಿ, ಪೇಷೆಂಟ್ ಹೆಸರು ಹಿಡಿದು ಮಾತಾಡಿಸ್ತೀವಿ, ಜೊತೆಗೆ ಬಂದವರನ್ನ "ಅಟೆಂಡರ್ ಯಾರು" ಅಂತ ಕೂಗ್ತೀವಿ. ನಾನು ಈಗ ಅವರ ಹೆಸರೂ ಫೈಲಲ್ಲಿ ಬರ್ಕೊಳ್ತೀನಿ.

ಇನ್ನೊಂದು, ಮನೆಯವರೆಲ್ಲ ಕೂತು ಮಾತಾಡೋದು. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಮೇರಿ ಮಿಟಲ್‌ಮನ್ ಅನ್ನೋರು, ಅಲ್ಜೈಮರ್ಸ್ ಇರೋ ಗಂಡ ಅಥವಾ ಹೆಂಡತೀನ ನೋಡ್ಕೊಳ್ತಿದ್ದ 406 ಜನರ ಮೇಲೆ ಅಧ್ಯಯನ ಮಾಡಿದ್ರು. ಅದರಲ್ಲಿ ಅರ್ಧ ಜನಕ್ಕೆ ಆರು ಸಲ ಕೌನ್ಸೆಲಿಂಗ್, ಆ ಆರರಲ್ಲಿ ನಾಲ್ಕು ಇಡೀ ಕುಟುಂಬದ ಜೊತೆ, ಮೇಲೆ ಒಂದು ಸಪೋರ್ಟ್ ಗ್ರೂಪು, ಯಾವಾಗ ಬೇಕಾದ್ರೂ ಫೋನ್ ಮಾಡೋ ಅವಕಾಶ. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ರೋಗಿನ ನರ್ಸಿಂಗ್ ಹೋಮಿಗೆ ಸೇರಿಸೋ ಪರಿಸ್ಥಿತಿ ಸುಮಾರು ಒಂದೂವರೆ ವರ್ಷ ತಡವಾಗಿ ಬಂತು. ಹೊಸ ಔಷಧಿ ಏನೂ ಕೊಟ್ಟಿರ್ಲಿಲ್ಲ. ನೋಡ್ಕೊಳ್ಳೋರ ಬೆನ್ನಿಗೆ ನಾಲ್ಕು ಜನ ನಿಂತಿದ್ದು ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯವರದ್ದು ಐಸಪೋರ್ಟ್ ಅಂತ ಒಂದು ಕೋರ್ಸ್ ಇದೆ, ಮನೇಲಿ ನೋಡ್ಕೊಳ್ಳೋರಿಗೋಸ್ಕರನೇ ಮಾಡಿರೋದು. ಅದನ್ನ ಅಕ್ಕನಿಗೆ ಕಳಿಸ್ಬೇಡಿ, ನೀವು ಓದಿ.

ಸಂಬಳವಿಲ್ಲದಕೆಲಸ:

ಎಲ್ಲಾ ಸರಿ, ಆದ್ರೆ ದುಡ್ಡಿನ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತೀನಿ. ಸ್ವಲ್ಪ ಖಾರ ಅನ್ಸಿದ್ರೆ ಕ್ಷಮಿಸಿ.

"ದುಡ್ಡು ಕಳಿಸ್ತೀನಿ" ಅಂದ್ರಿ. ಯಾರಿಗೆ? ಅಮ್ಮನ ಮಾತ್ರೆಗೆ, ಮನೆ ಖರ್ಚಿಗೆ ಅಲ್ವಾ? ಅಕ್ಕನಿಗೆ ಅಂತ ಎಷ್ಟು? ಅವಳು ಕೆಲಸ ಬಿಟ್ಟು ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷದ ಸಂಬಳ ಮಾತ್ರ ಹೋಗಿದ್ದಲ್ಲ, ಪಿಎಫ್ ಹೋಯ್ತು, ಬಡ್ತಿ ಹೋಯ್ತು, ಅನುಭವ ಹೋಯ್ತು. ನಾನು ಅಪ್ಪನ್ನ ಆರು ವರ್ಷ ನೋಡ್ಕೊಂಡೆ. ಅಪ್ಪ ಹೋದಾಗ ನಂಗೆ 43. ಕಾರ್ಯ ಎಲ್ಲಾ ಮುಗಿದು ಅಣ್ಣಂದಿರು ಅವರವರ ಊರಿಗೆ ಹೋದ್ರು, ನಾನು ಇಂಟರ್ವ್ಯೂಗಳಿಗೆ ಹೋಗೋಕೆ ಶುರು ಮಾಡಿದೆ. ಎಲ್ಲಾ ಕಡೆ ಒಂದೇ ಪ್ರಶ್ನೆ, ಈ ಆರು ವರ್ಷ ಏನ್ಮಾಡ್ತಿದ್ರಿ? ಏನೂ ಮಾಡ್ತಿರ್ಲಿಲ್ಲ ಅನ್ನೋ ಹಾಗೆ ನೋಡೋರು. ಆ ಆರು ವರ್ಷದಲ್ಲಿ ನಾನು ಮಾಡಿದಷ್ಟು ಕೆಲಸ ಅದಕ್ಕೆ ಮುಂಚೆ ಜೀವನದಲ್ಲಿ ಮಾಡಿರ್ಲಿಲ್ಲ.

ಇದು ನನ್ನೊಬ್ಬನ ಗೋಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ 2019ರಲ್ಲಿ ಇಡೀ ಪ್ರಪಂಚಕ್ಕೆ ಡಿಮೆನ್ಷಿಯಾದಿಂದ ಬಿದ್ದ ಖರ್ಚು 1.3 ಲಕ್ಷ ಕೋಟಿ ಡಾಲರ್, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಮನೆಯವರು, ಹತ್ತಿರದವರು ಸಂಬಳ ಇಲ್ದೆ ದುಡಿದಿದ್ದರ ಬೆಲೆ. ಅವರು ದಿನಕ್ಕೆ ಸರಾಸರಿ 5 ಗಂಟೆ ಇದಕ್ಕೇ ಕೊಡ್ತಾರಂತೆ. ಆ ಗಂಟೆಗಳಲ್ಲಿ 70% ಹೆಂಗಸರದ್ದು. ನಿಮ್ಮಕ್ಕನಂಥವರು ಹೊತ್ತಿರೋ ಭಾರ ಅದು.

ಅದಕ್ಕೇ ಹೇಳೋದು, ತಿಂಗಳಿಗಿಷ್ಟು ಅಂತ ಅಕ್ಕನ ಸ್ವಂತ ಅಕೌಂಟಿಗೆ ಹಾಕಿ, ಲೆಕ್ಕ ಕೇಳ್ಬೇಡಿ. ಅಮ್ಮನ ಖರ್ಚು ಬೇರೆ, ಇದು ಬೇರೆ. ಅಮ್ಮನಿಗೆ ಇನ್ನೂ ತಿಳುವಳಿಕೆ ಇರೋವಾಗ್ಲೇ ಆಸ್ತಿ, ಬ್ಯಾಂಕು, ಸಹಿ ವಿಷಯ ಒಬ್ಬ ವಕೀಲರ ಹತ್ರ ಕೂತು ಮಾತಾಡಿ, ತಡ ಮಾಡಿದ್ರೆ ಅಮ್ಮನ ಸಹಿಗೆ ಬೆಲೆ ಇರಲ್ಲ. ಅಮ್ಮ ಹೋದ್ಮೇಲೆ ಅಕ್ಕ ಎಲ್ಲಿರ್ತಾಳೆ, ಯಾವುದರ ಮೇಲೆ ಬದುಕ್ತಾಳೆ ಅಂತ ಈಗ್ಲೇ ನೀವೇ ಎತ್ತಿ ಕೇಳಿ. ಅವಳು ಕೇಳೋಕಾಗಲ್ಲ, ಅಮ್ಮ ಬದುಕಿರೋವಾಗ ಅಂಥ ಮಾತು ಬಾಯಿಗೆ ಬರಲ್ಲ ಯಾರಿಗೂ. ನಂಗೂ ಬಂದಿರ್ಲಿಲ್ಲ.

ಹನ್ನೊಂದನೇವರ್ಷ:

ಸಂಬಳವಿಲ್ಲದಕೆಲಸ ಅವರೇ, ಖಾರ ಏನಿಲ್ಲ, ಬೇಕಿತ್ತು ಈ ಮಾತು.

ಮುಸ್ಸಂಜೆ:

ನಂದು ಚಿಕ್ಕ ಮಾತು. ನಮ್ಮತ್ತೆ ನನ್ನ ಕೈಯಲ್ಲೇ ಏಳು ವರ್ಷ ಇದ್ರು. ಫೋನ್ ಮಾಡೋರೆಲ್ಲ ಮೊದಲನೇ ಮಾತೇ "ಅತ್ತೆ ಹೇಗಿದಾರೆ". ಒಬ್ಬರೂ ನಾನು ಹೇಗಿದೀನಿ ಅಂತ ಕೇಳಿದ್ದಿಲ್ಲ. ನೀವು ದಿನಾ ಸಂಜೆ ಫೋನ್ ಮಾಡ್ತೀರಲ್ಲ, ಸಂಜೆ ಅನ್ನೋದು ಈ ಕಾಯಿಲೇಲಿ ತುಂಬಾ ಕೆಟ್ಟ ಹೊತ್ತು. ಕತ್ತಲಾಗ್ತಿದ್ದ ಹಾಗೆ ತಳಮಳ ಶುರುವಾಗುತ್ತೆ, ಮನೆಗೆ ಹೋಗ್ಬೇಕು ಮನೆಗೆ ಹೋಗ್ಬೇಕು ಅಂತ ಬಾಗಿಲ ಹತ್ರ ನಿಲ್ತಾರೆ, ಆಗ ಫೋನ್ ಬಂದ್ರೆ ಒಂದು ಕೈಯಲ್ಲಿ ಫೋನು ಇನ್ನೊಂದು ಕೈಯಲ್ಲಿ ಅತ್ತೆ. ಅಕ್ಕನಿಗೆ ಯಾವ ಹೊತ್ತು ಬಿಡುವು ಅಂತ ಕೇಳಿ ಆಗ ಮಾಡಿ, ಅಕ್ಕನಿಗೋಸ್ಕರ ಅಂತಾನೇ ಮಾಡಿ.

ಇನ್ನೊಂದು. ಅಮ್ಮ ನಿಮ್ಮ ಕಣ್ಣಿಗೆ ಇನ್ನೂ ಇದಾರೆ. ಅಕ್ಕನಿಗೆ ಅಮ್ಮ ಕಣ್ಣೆದುರಿಗೆ ಇದ್ದೂ ದಿನಾ ಒಂಚೂರು ಇಲ್ಲವಾಗ್ತಾ ಇದಾರೆ. ಪಾಲಿನ್ ಬಾಸ್ ಅನ್ನೋ ಅಮೆರಿಕದ ಥೆರಪಿಸ್ಟ್ 1970ರ ದಶಕದಲ್ಲೇ ಇಂಥ ದುಃಖಕ್ಕೆ ಒಂದು ಹೆಸರು ಕೊಟ್ಟಿದಾರೆ, ಸ್ಪಷ್ಟ ಇಲ್ಲದ ಅಗಲಿಕೆ ಅನ್ನೋ ಅರ್ಥದಲ್ಲಿ. ಸತ್ತರೆ ಜನ ಬರ್ತಾರೆ, ಸಮಾಧಾನ ಹೇಳ್ತಾರೆ, ಇದಕ್ಕೆ ಯಾರೂ ಬರಲ್ಲ. ಅತ್ತೆ ನನ್ನ ಹೆಸರು ಮರೆತ ದಿನ ನಾನು ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ "ಅವರಿಗೆ ಕಾಯಿಲೆ ಅಲ್ವಾ" ಅಂತಿದ್ರು. ಕಾಯಿಲೆ ಅಂತ ನಂಗೂ ಗೊತ್ತಿತ್ತು.

ಕಿರಿಮಗ:

ಎಲ್ಲರದ್ದೂ ಎರಡು ಮೂರು ಸಲ ಓದಿದೆ. ಉತ್ತರ ಬರೆಯೋಕೆ ಆಗ್ಲಿಲ್ಲ ತಕ್ಷಣ. ಅಕ್ಕನ ಹತ್ರ ತಪ್ಪಾಯ್ತು ಅಂದೆ, ಅಷ್ಟೇ ಅಂದೆ, ಬೇರೇನೂ ಸೇರಿಸ್ಲಿಲ್ಲ. "ಹೂಂ" ಅಂದ್ಲು. ಮುಂದಿನ ತಿಂಗಳು ಎಂಟು ದಿನ ರಜೆ ಹಾಕಿದೀನಿ, ನೀನು ಮನೇಲಿ ಇರಕೂಡದು ಅಂದೆ. ನಿನ್ನ ಕೈಲಾಗಲ್ಲ ಅಂದ್ಲು. ಒಂದು ಅನುಮಾನ ಇದೆ, ಸ್ನಾನ, ಬಟ್ಟೆ ಇವನ್ನೆಲ್ಲ ಮಗನ ಕೈಲಿ ಮಾಡಿಸ್ಕೊಳ್ಳೋಕೆ ಅಮ್ಮ ಒಪ್ಪಲ್ಲ ಅನ್ಸುತ್ತೆ, ಅದಕ್ಕೇನು ಮಾಡೋದು?

ಬಿಳಿಕೋಟು:

ಒಪ್ಪದಿದ್ರೆ ಬಲವಂತ ಬೇಡ, ಅಮ್ಮನ ಮರ್ಯಾದೆ ಅದು. ಆ ಒಂದು ಗಂಟೆಗೆ ಒಬ್ಬ ಹೆಂಗಸನ್ನ ಗೊತ್ತು ಮಾಡಿ, ಅಕ್ಕ ಇರೋವಾಗ್ಲೇ ಒಂದು ವಾರ ಮುಂಚೆಯಿಂದ ಬಂದು ಅಮ್ಮನಿಗೆ ಮುಖ ಪರಿಚಯ ಆಗ್ಲಿ. ದಿನಾ ಸ್ನಾನ ಆಗ್ಲೇಬೇಕು ಅಂತಿಲ್ಲ, ಬಿಸಿ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿದ್ರೂ ಸಾಕು. ನೀವು ಎರಡು ದಿನ ಮುಂಚೆನೇ ಹೋಗಿ, ಅಕ್ಕನ ಪಕ್ಕ ನಿಂತು ನೋಡಿ.

ಕಿರಿಮಗ:

ಐದು ವಾರ ಆದ್ಮೇಲೆ ಬರೀತಿದೀನಿ. ಎಂಟು ದಿನ ಮುಗಿಸಿದೆ.

ಅಕ್ಕ ಹೋಗೋ ಮುಂಚೆ ಒಂದು ನೋಟ್‌ಬುಕ್ ಕೊಟ್ಲು. ಹನ್ನೊಂದು ಪುಟ, ಎರಡೂ ಕಡೆ ಬರೆದಿದಾಳೆ. "ಮಾತ್ರೆ ಕೊಡುವಾಗ ನೀನೂ ಒಂದು ಗುಟುಕು ನೀರು ಕುಡಿ, ನಿನ್ನ ನೋಡಿ ಕುಡೀತಾರೆ." "ಕನ್ನಡೀಲಿ ಯಾರೋ ಇದಾರೆ ಅಂತ ಹೆದರ್ತಾರೆ, ಸಂಜೆ ಆರಕ್ಕೆ ಬಟ್ಟೆ ಮುಚ್ಚು." "ಅಪ್ಪ ಎಲ್ಲಿ ಅಂತ ಕೇಳಿದ್ರೆ ಸತ್ತೋದ್ರು ಅನ್ಬೇಡ, ಪ್ರತಿಸಲ ಹೊಸದಾಗಿ ಕೇಳಿದ ಹಾಗೆ ಅಳ್ತಾರೆ. ಅಪ್ಪನ ಬಗ್ಗೆ ಏನಾದ್ರೂ ಹೇಳಮ್ಮ ಅನ್ನು, ಹೇಳ್ತಾ ಹೇಳ್ತಾ ಮರೀತಾರೆ." ಕೊನೇ ಪುಟದಲ್ಲಿ "ರಾತ್ರಿ ನನ್ನ ಹೆಸರು ಹಿಡಿದು ಕೂಗಿದ್ರೆ ಹೂಂ ಅನ್ನು ಸಾಕು." ಇದನ್ನೆಲ್ಲ ಅವಳು ನಾಲ್ಕು ವರ್ಷದಲ್ಲಿ ಒಬ್ಬಳೇ ಕಂಡ್ಕೊಂಡಿದಾಳೆ, ನಾನು ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಿದ್ದೆ.

ಮೂರನೇ ದಿನ ಅಮ್ಮ ನನ್ನನ್ನೇ ಕಳ್ಳ ಅಂದ್ರು, ಫೋನಲ್ಲಿ ಅಕ್ಕನ ಹತ್ರ "ಯಾರೋ ಗಂಡಸು ಮನೆ ಹೊಕ್ಕಿದಾನೆ, ಊಟ ಹಾಕ್ತಿಲ್ಲ" ಅಂದ್ರು. ಅಕ್ಕ ಏನೂ ಕೇಳ್ಲಿಲ್ಲ ನನ್ನ. "ಮಲಗಿದ್ಯಾ ಸ್ವಲ್ಪ ಆದ್ರೂ?" ಅಂದ್ಲು. ನಾನು ಅವಳನ್ನ ಕೇಳ್ಬೇಕಾಗಿದ್ದ ಮಾತು ಅದು.

ಬಾಗಿಲಿಗೆ ಸೆನ್ಸರ್ ಹಾಕಿಸಿದೀನಿ. ಡಾಕ್ಟರ್ ಒಂದು ಮಾತ್ರೆ ರಾತ್ರಿಯಿಂದ ಬೆಳಿಗ್ಗೆಗೆ ಬದಲಾಯಿಸಿದ್ರು, ರಾತ್ರಿ ಏಳೋದು ಸ್ವಲ್ಪ ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ಸ್ನಾನಕ್ಕೆ ಬಂದ ಹೆಂಗಸು ಈಗ ವಾರಕ್ಕೆ ನಾಲ್ಕು ದಿನ ಬರ್ತಾರೆ. ಅಕ್ಕನ ಅಕೌಂಟಿಗೆ ತಿಂಗಳ ದುಡ್ಡು ಹಾಕೋಕೆ ಶುರು ಮಾಡಿದೀನಿ, ಮೊದಲು ಜಗಳ ಆಡಿದ್ಲು, ಈಗ ಸುಮ್ನಿದಾಳೆ. ವಕೀಲರ ಹತ್ರ ಇನ್ನೂ ಹೋಗಿಲ್ಲ, ಹೋಗ್ತೀನಿ. ಕೆಲಸದ ಕಡೆ ಮಾತಾಡಿ ಎರಡು ತಿಂಗಳಿಗೊಮ್ಮೆ ಒಂದು ವಾರ ಅಲ್ಲಿಂದಲೇ ಕೆಲಸ ಮಾಡೋ ಹಾಗೆ ಒಪ್ಪಿಸಿದೀನಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಅಕ್ಕನಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್. ಬಿಪಿ, ಮಂಡಿ ನೋವು, ಎರಡನ್ನೂ ಮೂರು ವರ್ಷದಿಂದ ಮುಂದಕ್ಕೆ ಹಾಕ್ತಾನೇ ಬಂದಿದ್ಲು. ನಾನು ಅಮ್ಮನ ಹತ್ರ ಇರ್ತೀನಿ.